ತಿಜೋರಿಯ ಹಿಂದಿನ ಗೆರೆ

ನಕ್ಷೆ ಓದಿದವರಿಗೆ ಹೊಟ್ಟೆ ತುಂಬುತ್ತದೆಯೇ? ಗಡಹಿಂಗ್ಲಜದ ಕಿರಾಣಿ ವ್ಯಾಪಾರಿ ಸಿದ್ಧಲಿಂಗನನ್ನು ಕೇಳಿದ್ದರೆ ತಕ್ಕಡಿ ಕೆಳಗಿಡದೆಯೇ ಇಲ್ಲ ಎಂದುಬಿಡುತ್ತಿದ್ದ. "ಭೂಗೋಳ ಕಲ್ತು ಏನ್ ಮಾಡ್ತೀಯವ್ವ? ಟಪಾಲ ಹಂಚಾಕ ಹೋಗ್ತೀಯೇನು?" ಎಂದು ಮಗಳು ರುತುಜಾಳನ್ನು ಗಿರಾಕಿಗಳ ಎದುರಿಗೇ ಕಾಡುತ್ತಿದ್ದ. ಮಗಳೂ ಅಪ್ಪನಷ್ಟೇ ಗಟ್ಟಿ. ಕೊಲ್ಹಾಪುರಕ್ಕೆ ಹೋಗಿ ಜಿಐಎಸ್ ಕಲಿತಳು. ಹೊಳೆ, ಗಟಾರ, ರಸ್ತೆ, ಮನೆ ಎಲ್ಲವನ್ನೂ ಕಂಪ್ಯೂಟರಿನ ನಕ್ಷೆಯಲ್ಲಿ ಪದರು ಪದರಾಗಿ ಒಂದರ ಮೇಲೊಂದು ಹೊದಿಸಿ, ಎಲ್ಲಿ ಏನಾದೀತು ಎಂದು ನೋಡುವ ವಿದ್ಯೆ ಅದು. ಕಲಿತ ವರ್ಷವೇ ಒಂದು ಖಾಸಗಿ ಕಂಪನಿ ಅವಳನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ತೆಗೆದುಕೊಂಡಿತು. ಇಚಲಕರಂಜಿಯಲ್ಲಿ ಪಂಚಗಂಗೆ ಹೊಳೆಗೆ ಹತ್ತಿದ ಓಣಿಗಳ ಪೂರದ, ಎಂದರೆ ನೆರೆಯ, ನಕ್ಷೆ ಮಾಡಬೇಕು. ಜೂನ್‌ನಲ್ಲಿ ನಕ್ಷೆ ಪಾಸಾದರೆ ನೌಕರಿ ಕಾಯಂ.

ನಕ್ಷೆಯಲ್ಲಿ ಎರಡೇ ಬಣ್ಣ. ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ನೀರು ಮನೆಯೊಳಗೆ ನುಗ್ಗಿದ್ದ ಓಣಿ ಕೆಂಪು, ಹೊಸ್ತಿಲಿಗೆ ಮುಟ್ಟಿ ನಿಂತಿದ್ದ ಓಣಿ ಹಳದಿ. ಹೊಳೆ ಏರಿದಾಗ ಮೊದಲ ಡಂಗುರಕ್ಕೆ ಕೆಂಪು ಓಣಿಯವರು ಮನೆ ಬಿಡಬೇಕು, ಹಳದಿಯವರು ಎರಡನೆಯ ಡಂಗುರಕ್ಕೆ ಕಾಯಬೇಕು. ಹಾಗಾಗಿ ಅಂದು ನೀರು ಎಲ್ಲಿಯವರೆಗೆ ಬಂದಿತ್ತು ಎನ್ನುವುದೇ ಎಲ್ಲದರ ಬುಡ. ಕಂಪನಿ ಪುಣೆಯಿಂದ ಕಳಿಸಿದ ಹುಡುಗರು "ಕಿತೀ ಫೂಟ್ ಪಾಣೀ ಹೋತಂ?" ಎಂದು ಮರಾಠಿಯಲ್ಲಿ ಎಷ್ಟು ಅಡಿ ನೀರಿತ್ತೆಂದು ಕೇಳಿದರೆ ಒಬ್ಬ ಸೊಂಟ ತೋರಿಸುತ್ತಿದ್ದ, ಇನ್ನೊಬ್ಬ ಆಕಾಶ.

ರುತುಜಾ ಹಾಗೆ ಕೇಳಲಿಲ್ಲ. ಪೂರದ ನೀರು ಬಾಗಿಲಿಗೆ ಬಂದರೆ ಈ ಕಡೆಯ ಹೆಂಗಸರು ಅದನ್ನು ಬೈಯುವುದಿಲ್ಲ. ಗಂಗವ್ವ ತವರಿಗೆ ಬಂದಿದ್ದಾಳೆಂದು ಅರಿಷಿಣ ಕುಂಕುಮ ಏರಿಸಿ, ಖಣ, ಕೊಬ್ಬರಿ, ಅಕ್ಕಿ ನೀರಿಗೆ ಬಿಟ್ಟು ಉಡಿ ತುಂಬುತ್ತಾರೆ, ಸಮಾಧಾನವಾಗಿ ತಿರುಗಿ ಹೋಗಲೆಂದು. ಎಲ್ಲಿ ನಿಂತು ತುಂಬಿದೆವೆಂಬುದನ್ನು ಯಾವ ಹೆಂಗಸೂ ಮರೆಯುವುದಿಲ್ಲ. "ಗಂಗವ್ವನ ಉಡಿ ಎಲ್ಲಿ ತುಂಬಿದ್ರಿ?" ಎಂದು ರುತುಜಾ ಕೇಳಿದಳು. ಅವರು ಬೆರಳು ಮಾಡಿ ತೋರಿಸಿದರು. ಅವಳು ಅಲ್ಲಿ ಜಿಪಿಎಸ್ ಇಟ್ಟು ಎತ್ತರ ಬರೆದುಕೊಂಡಳು. ಅವಳ ಕಾಲೇಜಿನ ಗುರು ದಾದಾಸಾಹೇಬ ಸರ್ ಇದನ್ನು ಕೇಳಿ ಮೇಜು ಗುದ್ದಿ "ಏಕ್ ನಂಬರ್, ಪೋರೀ!" ಎಂದರು. ಜಂಬ ಬರದೇ ಇರುತ್ತದೆಯೇ? ಬಂತು.

ಅಂಥ ಒಂದು ಓಣಿಯಲ್ಲಿ ಚೆನ್ನವ್ವ ಎಂಬ ಮುದುಕಿ ಇದ್ದಳು. ಗಡಹಿಂಗ್ಲಜ ಅವಳ ತವರು. ಮಗ ಧನರಾಜ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ, ಮೊಮ್ಮಗಳು ಸೋನಲ ಕಾಲೇಜಿಗೆ ಹೋಗುತ್ತಿದ್ದಳು. ಚಾಳಿನ ಮಣ್ಣುಗೋಡೆಯ ಎರಡು ಖೋಲಿಯಲ್ಲಿ ಸಂಸಾರ. ತವರೂರಿನ ಹುಡುಗಿ ಎಂದು ಗೊತ್ತಾದದ್ದೇ ತಡ, ಮುದುಕಿ ರುತುಜಾಳನ್ನು ಉಣ್ಣದೆ ಬಿಡುತ್ತಿರಲಿಲ್ಲ. ಓಣಿಗೆ ಹಳದಿ ಬಂದಾಗ ಬಣ್ಣದ ನಕ್ಷೆಯೊಂದನ್ನು ಇಸಿದುಕೊಂಡು ಬಸವಣ್ಣನ ಫೋಟೋದ ಪಕ್ಕಕ್ಕೆ ಅಂಟಿಸಿದಳು. "ನಮ್ಮ ಊರ ಹುಡುಗಿ ಮಾಡೇದ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುವುದೇ ತೋರಿಸುವುದು.

ಕಾರಹುಣ್ಣಿಮೆಯ ದಿನ ಕಡುಬಿಗೆ ಕರೆದಿದ್ದಳು. ಮರುದಿನ ನಕ್ಷೆ ಪಾಸಾಗುವುದಿತ್ತು. ಊಟಕ್ಕೆ ಕೂರುವ ಮುನ್ನ ಮುದುಕಿಯ ಕೈಯಿಂದ ವಿಭೂತಿ ಗಟ್ಟಿ ಜಾರಿ ತಿಜೋರಿಯ ಹಿಂದೆ ಹೋಯಿತು. ತಿಜೋರಿ ಎಂದರೆ ಅರಿವೆ ಇಡುವ ಕಬ್ಬಿಣದ ಕಪಾಟು, ಆನೆಭಾರ. ಧನರಾಜ ಶೆಡ್ಡಿನಲ್ಲಿದ್ದ. ರುತುಜಾಳೇ ಹೆಗಲು ಕೊಟ್ಟು ಅಷ್ಟು ಸರಿಸಿ ಹಿಂದೆ ಇಣುಕಿದಳು.

ಮನೆಯೆಲ್ಲ ಸುಣ್ಣ ಬಳಿದಿತ್ತು, ಅಲ್ಲಿ ಮಾತ್ರ ಇರಲಿಲ್ಲ. ಬರಿ ಗೋಡೆಯ ಮೇಲೆ ಅವಳ ಎದೆಯ ಮಟ್ಟಕ್ಕೆ ಕೆಸರಿನ ಒಂದು ಗೆರೆ ಈಳಿಗೆಯಿಂದ ಕೊಯ್ದಷ್ಟು ನೆಟ್ಟಗೆ ಎಳೆದಿತ್ತು. ಜಿಐಎಸ್ ಕಲಿತವಳಿಗೆ ಅದೇನೆಂದು ಹೇಳಿಕೊಡಬೇಕೇ?

"ಆಯಿ, ಅವತ್ತ ಉಡಿ ತುಂಬಿದ ಮ್ಯಾಲ ಎಷ್ಟ ದಿನ ಇಲ್ಲೇ ಇದ್ರಿ?"

"ಎಲ್ಲೀ ದಿನಾನವ್ವ? ಉಡಿ ತುಂಬಿದ್ದ ತಡ, ಬೋಟ್ ಹತ್ತಿದ್ವಿ. ಸೀದಾ ನಮ್ಮ ತವರಿಗೆ. ದಸರಾಕ್ಕ ತಿರುಗಿ ಬಂದ್ವಿ. ಅರಿವಿ ಎಲ್ಲಾ ಕಟ್ಟಿಕೊಂಡ ಹೋಗಿದ್ವಿ, ಈ ಖಾಲಿ ತಿಜೋರಿ ಅಷ್ಟ ಇಲ್ಲಿತ್ತು. ಅಷ್ಟೊತ್ತಿಗೆ ಮಾಲಕ ಸುಣ್ಣಾ ಬಣ್ಣಾ ಮಾಡಿಸಿ ಭಾಳ ಚೆಂದ ಇಟ್ಟಿದ್ದ."

"ನಿಮ್ಮ ಓಣ್ಯಾಗಿನ ಉಳಿದವ್ರು?"

"ಎಲ್ಲಾರೂ ಅದ ಬೋಟ್‌ನ್ಯಾಗ."

ರುತುಜಾಳಿಗೆ ಈಗ ಹೊಳೆಯಿತು. ಉಡಿ ತುಂಬಿದ ಜಾಗ ನೀರು ನಿಂತ ಜಾಗವಲ್ಲ, ಜನ ಕೊನೆಯದಾಗಿ ನೀರು ಕಂಡ ಜಾಗ. ಆಮೇಲೆ ನೀರು ಏರುತ್ತಲೇ ಹೋಗಿತ್ತು, ನೋಡಲು ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮಾಲೀಕ ಬಾಯಿ ಬಿಟ್ಟಿರಲಿಲ್ಲ, ಬಿಟ್ಟರೆ ಬಾಡಿಗೆಗೆ ಯಾರು ಬರುತ್ತಾರೆ? ಈ ಓಣಿ ಹಳದಿಯಲ್ಲ, ಕಡುಗೆಂಪು.

"ಏನ್ ನೋಡಾಕತ್ತೀಯವ್ವ? ಹಾವೇನರ ಐತೇನು?"

"ಏನಿಲ್ಲ ಆಯಿ" ಎಂದಳು ರುತುಜಾ. "ತೇವ ಏರೇದ."

ತೇವವಂತೆ! ಬಾಯಿಗೆ ಬಂದದ್ದು ಅದು. ಎದೆಮಟ್ಟದ ನೀರನ್ನು ಎರಡು ಅಕ್ಷರದಲ್ಲಿ ಮುಚ್ಚಿದಳು. ಮೊದಲು ಆಫೀಸಿಗೆ ಹೇಳಿ ಆಮೇಲೆ ಇವರಿಗೆ ಹೇಳಿದರಾಯಿತು, ಸುಮ್ಮನೆ ಮುದುಕಿಯನ್ನು ಯಾಕೆ ಅಂಜಿಸಲಿ ಎಂದು ತನಗೆ ತಾನೇ ಹೇಳಿಕೊಂಡು ಕಡುಬು ತಿಂದಳು.

ಅಲ್ಲಿಂದ ಹೊರಬಿದ್ದವಳೇ ಮೇಲಿನ ಅಧಿಕಾರಿ ಕೇತನನಿಗೆ ಫೋನು ಮಾಡಿದಳು. ಅವನು ಎಲ್ಲವನ್ನೂ ಕೇಳಿ ನಿಟ್ಟುಸಿರು ಬಿಟ್ಟ. "ಒಂದ್ ಪಾಯಿಂಟ್ ಸುಳ್ಳಂದ್ರ ಇಡೀ ಓಣಿ ಸುಳ್ಳ. ಉಡೀ ಕೇಳಿ ಬರಕೊಂಡದ್ದೆಲ್ಲಾ ಸುಳ್ಳ. ಮತ್ತ ಮೊದಲಿಂದ ಅಳೀತಿಯೇನು? ನಾಳೆ ಮಂಜೂರಿ ಅದ. ನಿನ್ನ ಕಾಯಂ ಆರ್ಡರ್ ಅದರ ಮ್ಯಾಲ ನಿಂತದ. ಮಳಿಗಾಲ ಮುಗೀಲಿ, ಆಮ್ಯಾಲ ತಿದ್ದೂಣು."

"ಮಳಿಗಾಲದಾಗ ಪೂರ ಬಂದ್ರ?"

"ವರ್ಷಾ ವರ್ಷಾ ಬರತೈತೇನು?"

ಇಲ್ಲ ಎನ್ನಬಹುದಿತ್ತು. ದಾದಾಸಾಹೇಬ ಸರ್‌ಗೆ ಹೇಳಬಹುದಿತ್ತು. ಏನೂ ಬೇಡ, ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದು ಚೆನ್ನವ್ವನಿಗೆ "ಮೊದಲ ಡಂಗುರಕ್ಕೇ ಓಡ್ರಿ" ಎಂದರೆ ಸಾಕಿತ್ತು. ಆದರೆ ಆ ಮಾತು ಓಣಿಯೆಲ್ಲ ಹಬ್ಬಿ ಪೇಪರಿಗೆ ಹೋದರೆ? ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋದೀತೆಂದು ಹುಡುಗಿ ಅಂಜಿದಳು. ಕೊಲ್ಹಾಪುರದ ಬಸ್ಸು ಹತ್ತಿದಳು. ಮರುದಿನ ನಕ್ಷೆ ಪಾಸಾಯಿತು.

ಜುಲೈ ಕೊನೆಗೆ ಐದು ದಿನ ಬಿಡದೆ ಹೊಡೆಯಿತು. ಪಂಚಗಂಗೆ ಉಕ್ಕಿದಳು. ಬೆಳಗಿನ ಏಳಕ್ಕೆ ಮೊದಲ ಡಂಗುರ ಆದಾಗ ಪಕ್ಕದ ಕೆಂಪು ಓಣಿಯವರು ಗಂಟುಮೂಟೆ ಹೊತ್ತು ಹೊರಟರು. ಧನರಾಜ ಅವ್ವನಿಗೆ ಅವರ ಜೊತೆ ಹೋಗೆಂದ. "ನಮ್ಮದ ಹಳದೀ ಬಣ್ಣಪಾ. ರುತುಜಾ ಮಾಡೇದ. ಈಗ್ಯಾಕ ಓಡೂದು?" ಎಂದು ಮುದುಕಿ ಒಲೆ ಹೊತ್ತಿಸಿದಳು. ಹೆಂಡತಿ ಮಗಳನ್ನು ಕಳಿಸಿ, ಶೆಡ್ಡಿನ ನೂಲು ಸುತ್ತಿದ ಬೀಮುಗಳನ್ನು ಮೇಲಕ್ಕೆ ಏರಿಸಿ ಬರುವೆನೆಂದು ಅವನು ಓಡಿದ. ಎರಡನೆಯ ಡಂಗುರ ಹತ್ತಕ್ಕೆ ಆಯಿತು, ಅಷ್ಟರಲ್ಲಿ ಓಣಿಯಲ್ಲಿ ಎದೆಮಟ್ಟ ನೀರು. ಹತ್ತೂವರೆಗೆ ಮಣ್ಣುಗೋಡೆ ಕುಸಿಯಿತು. ಚೆನ್ನವ್ವ ಸಿಕ್ಕದ್ದು ಮೂರನೆಯ ದಿನ, ಕೆಸರಿನ ಕೆಳಗೆ.

ರುತುಜಾಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಅವಳ ಎದೆ ಹಗುರಾಗುತ್ತಿತ್ತೇನೋ. ಪಂಚನಾಮೆಯಲ್ಲಿ, ಮನೆಯವರು ಹೇಳಿದರೂ ಹಠದಿಂದ ಮನೆ ಬಿಡದ ಕಾರಣ ಮುದುಕಿಯ ಸಾವು ಎಂದು ಬರೆದರು. ಪೂರದ ದೆಸೆಯಿಂದ ಕಂಪನಿಗೆ ಇನ್ನೂ ನಾಲ್ಕು ಊರಿನ ನಕ್ಷೆಯ ಕೆಲಸ ಸಿಕ್ಕಿತು. ಕೇತನ ಆ ಓಣಿಯನ್ನು ಸದ್ದಿಲ್ಲದೆ ಕೆಂಪು ಮಾಡಿಸಿದ. ಮೌಸಿನ ಒಂದು ಗುಂಡಿ ಒತ್ತಿದರೆ ಮುಗಿಯಿತು, ಅಷ್ಟೇ ಕೆಲಸ.

ದೀಪಾವಳಿ ಮುಗಿದ ಮೇಲೆ ದಾದಾಸಾಹೇಬ ಸರ್ ಕೊಲ್ಹಾಪುರದ ಕಾಲೇಜಿನಲ್ಲಿ ಹನ್ನೆರಡನೆಯ ತರಗತಿ ಮಕ್ಕಳಿಗೆ ಮಾರ್ಗದರ್ಶನದ ಸಭೆ ಇಟ್ಟರು. ರುತುಜಾ ಒಲ್ಲೆನೆಂದರೂ ಬಿಡಲಿಲ್ಲ. ಅವಳು ವೇದಿಕೆ ಹತ್ತಿ, ಸಕ್ಕರೆ ಕಾರ್ಖಾನೆಗೆ ಕಬ್ಬಿನ ಕ್ಷೇತ್ರ ಅಳೆಯಲು ಜನ ಬೇಕು, ನಗರಪಾಲಿಕೆಗೆ ನೀರಿನ ಪೈಪು ಗುರುತಿಸಲು ಬೇಕು, ಅರಣ್ಯದವರಿಗೆ ಬೇಕು, ದವಾಖಾನೆ ಎಲ್ಲಿ ಕಟ್ಟಬೇಕೆಂದು ನೋಡಲೂ ಬೇಕು ಎಂದು ಪಾಠ ಒಪ್ಪಿಸಿದಂತೆ ಹೇಳಿದಳು. ಪೂರದ ಮಾತು ಎತ್ತಲಿಲ್ಲ. ಚಪ್ಪಾಳೆ ಬಿತ್ತು. ಕೆಳಗಿಳಿದಾಗ ಎದುರಿಗೆ ಧನರಾಜ ನಿಂತಿದ್ದ, ಪಕ್ಕದಲ್ಲಿ ಸೋನಲ.

"ಭಾಳ ಚೊಲೋ ಹೇಳಿದಿ ತಂಗಿ" ಎಂದ ಧನರಾಜ. ತಲೆಯೆಲ್ಲ ಬೆಳ್ಳಗಾಗಿತ್ತು. "ಈಕೀನ್ನೂ ನಿನ್ನ ಹಾದಿಗೇ ಹಚ್ಚಬೇಕಂತ ಕರಕೊಂಡ ಬಂದೇನಿ. ನಕ್ಷಾ ಮಾಡಾಕ ಕಲೀಲಿ. ನಾಕ ಮಂದಿ ಜೀವಾ ಉಳಿಸ್ಲಿ. ನಮ್ಮವ್ವನಂಥಾ ಹಠಮಾರಿಗೋಳಿಗೆ ಮಾತ್ರ ಯಾವ ನಕ್ಷಾನೂ ಉಪಯೋಗಿಲ್ಲ ಬಿಡು."

ಮಾತು ಬೇರೆ ಕಡೆ ತಿರುಗಿಸಬಹುದಿತ್ತು. ಸೋನಲ ವಹಿ ಬಿಚ್ಚಿ, ಪೆನ್ನು ಹಿಡಿದು, ಇವಳ ಬಾಯಿಯನ್ನೇ ನೋಡುತ್ತಿದ್ದಳು. ರುತುಜಾಳಿಗೆ ಇನ್ನು ಆಗಲಿಲ್ಲ.

"ಧನರಾಜಣ್ಣಾ, ಆಯಿ ಹಠ ಮಾಡಿರಲಿಲ್ಲ. ನಕ್ಷಾನ ತಪ್ಪಿತ್ತು. ನಿಮ್ಮ ಓಣಿ ಕೆಂಪಿತ್ತು."

"ಅದ್ಹೆಂಗ? ನಿನಗ ಯಾವಾಗ ತಿಳೀತು?"

"ಕಾರಹುಣ್ಣಿವಿ ದಿನಾ. ನಿಮ್ಮ ಮನ್ಯಾಗ ಉಣ್ಣೂಕಿಂತ ಮೊದಲ. ತಿಜೋರಿ ಹಿಂದ ನೀರಿನ ಗೆರಿ ಕಂಡಿತ್ತು, ಏನ್ ನೋಡಾಕತ್ತಿ ಅಂತ ಆಯಿ ಕೇಳಿದ್ರು. ನಾ ಸುಳ್ಳ ಹೇಳಿದ್ನಿ, ನೌಕರಿ ಸಲುವಾಗಿ."

ಹೊಡೆಯುತ್ತಾನೆ ಎಂದುಕೊಂಡಳು. ಹೊಡೆದಿದ್ದರೆ ಚೆನ್ನಾಗಿತ್ತು. ಧನರಾಜ ಕೈಯನ್ನೇ ಎತ್ತಲಿಲ್ಲ. ಹಿಂದಿದ್ದ ಬೆಂಚಿನ ಮೇಲೆ ಮೆಲ್ಲಗೆ ಕುಳಿತ.

"ಹಂಗಂದ್ರ ಆಕೀದೇನೂ ತಪ್ಪಿರಲಿಲ್ಲ?"

"ಇಲ್ಲಣ್ಣಾ."

"ಕುಣೀ ದಂಡೀಗೆ ನಿಂತು ಬೈದೇನಿ ತಂಗಿ ನಾ" ಎಂದ ಧನರಾಜ. "ಸ್ವಾಮಿಗಳು ಮಂತ್ರ ಹೇಳಾಕತ್ತಿದ್ರು, ಮಂದಿ ನಿಂತಿದ್ರು. ಮುದುಕೀ, ನಿನ್ನ ಹಠಾನ ನಿನ್ನ ತಿಂತು ಅಂತ ಎಲ್ಲಾರ ಮುಂದ ಬೈಕೋತನ ನಮ್ಮವ್ವಗ ಮಣ್ಣ ಕೊಟ್ಟೇನಿ."