ಇಲಿಯಪ್ಪ ಹಾಸಿದ ಕಾಗದ

ಸಂಶೋಧನಾಲಯದ ಪ್ರಾಣಿಕೋಣೆಯಲ್ಲಿ ಇಪ್ಪತ್ತಾರು ವರ್ಷ ಇಲಿ ಸಾಕಿದವನಿಗೆ ಜನ ಇನ್ನೇನು ಹೆಸರಿಡುತ್ತಾರೆ? ಇಲಿಯಪ್ಪ ಎಂದರು. ಅವನಿಗೇನೂ ಬೇಸರವಿರಲಿಲ್ಲ. "ಅಪ್ಪ ಅಂತಾದ್ರೂ ಸೇರಿಸಿದಾರಲ್ಲ, ಬರೀ ಇಲಿ ಅನ್ನಲಿಲ್ಲ," ಎಂದು ತಾನೇ ನಗುತ್ತಿದ್ದ.

ಆ ವರ್ಷ ಅವನ ಕೈಗೆ ಬಂದದ್ದು ಒಂದು ವಿಚಿತ್ರ ತಳಿಯ ಬಿಳಿ ಇಲಿಗಳು. ಹುಟ್ಟುವಾಗ ಚೆನ್ನಾಗಿಯೇ ಇರುತ್ತಿದ್ದವು. ಮೂರು ತಿಂಗಳು ತುಂಬುವಷ್ಟರಲ್ಲಿ ಮೈ ಕಾಯಬೇಕಾದ ಪಡೆಯೇ ಮೈಮೇಲೆ ಬೀಳುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಈ ಇಲಿಗಳ ಚರ್ಮಕ್ಕೆ ಅಲರ್ಜಿಯಾದರೆ ಅದು ಯಾಕೆ ಅಷ್ಟು ಜೋರಾಗಿ ಕೆರಳುತ್ತದೆ ಎನ್ನುವುದು ಆ ಸಂಶೋಧನೆ ನಡೆಸುತ್ತಿದ್ದ ವಿಜ್ಞಾನಿ ಮೇಡಂ ಅವರ ಪ್ರಶ್ನೆ. ಹೊಟ್ಟೆಯ ಕೂದಲು ಬೋಳಿಸಿ ಒಂದು ರಾಸಾಯನಿಕ ಸವರುವುದು, ಐದು ದಿನ ಬಿಟ್ಟು ಅದನ್ನೇ ಕಿವಿಗೆ ಸವರುವುದು, ಮಾರನೆಯ ದಿನ ಕಿವಿ ಎಷ್ಟು ಊದಿದೆಯೆಂದು ಅಳೆಯುವುದು.

ಮೇಡಂ ಮಾತು ಕಡಿಮೆ, ನಡಿಗೆ ಜೋರು. ಆದರೆ ಕೇಳಿದರೆ ಬಿಡಿಸಿ ಹೇಳುವರು. "ಮೈಗೆ ಎರಡು ಥರ ಕಾವಲು ಇಲಿಯಪ್ಪ. ಒಂದು ಕಲಿತು ಬರೋದು, ವೈರಿ ಮುಖ ನೆನಪಿಟ್ಟುಕೊಳ್ಳುತ್ತೆ. ಇನ್ನೊಂದು ಹುಟ್ಟಿನಿಂದಲೇ ಬಂದಿರೋದು. ಅದು ನೀನ್ಯಾರು ಎಲ್ಲಿಂದ ಬಂದೆ ಅಂತ ಕೇಳಲ್ಲ, ಕ್ರಿಮಿಯ ವಾಸನೆ ಬಡಿದರೆ ಸಾಕು, ಕೂಗೆಬ್ಬಿಸುತ್ತೆ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಆ ಥರ?"

"ಅದೇ. ಆದ್ರೆ ಅರ್ಧ ಇಲಿಗಳಲ್ಲಿ ಆ ಹುಟ್ಟುಗುಣದ ಒಂದು ಕಣ್ಣನ್ನ, ಅಂದ್ರೆ ಕ್ರಿಮಿಯ ಗುರುತು ಹಿಡಿಯೋ ಒಂದು ಭಾಗವನ್ನ, ಅವು ಹುಟ್ಟೋಕೆ ಮುಂಚೇನೇ ನಾವು ತೆಗೆದುಬಿಟ್ಟಿದೀವಿ. ಅವುಗಳ ಕಿವಿ ಕಡಿಮೆ ಊದುತ್ತಾ ನೋಡಬೇಕು."

ಇಲಿಯಪ್ಪ ಇಷ್ಟು ಕಿವಿಗೊಟ್ಟು ಕೇಳಲು ಕಾರಣವಿತ್ತು. ಅವನನ್ನು ಸಾಕಿ ಬೆಳೆಸಿದ ಅಕ್ಕನಿಗೂ ಇದೇ ಜಾತಿಯ ಕಾಯಿಲೆ. ಹನ್ನೊಂದು ವರ್ಷದಿಂದ ಮೂಗಿನ ಎರಡೂ ಬದಿ ಕೆಂಪು, ಗಂಟುಗಂಟಿನಲ್ಲಿ ನೋವು. ಅದರ ಮೇಲೆ ಹೊಸ ಸೋಪು ಮುಟ್ಟಿದರೆ ಬೊಬ್ಬೆ, ಗಡಿಯಾರ ಕಟ್ಟಿದರೆ ಮಣಿಕಟ್ಟಿನ ಸುತ್ತ ಗಾಯ. ಅಕ್ಕ ಅವನ ಮನೆಯಲ್ಲೇ ಇದ್ದಳು. ಇಲಿಯಪ್ಪನ ಹೆಂಡತಿ ಕೆಟ್ಟವಳಲ್ಲ, ಬಾಯಿ ಮಾತ್ರ ಸ್ವಲ್ಪ ಖಾರ. "ಅತ್ತಿಗೆಗೆ ಮೈಗಿಂತ ಮನಸ್ಸಿನದೇ ಕೆರೆತ," ಎಂದುಬಿಡುತ್ತಿದ್ದಳು. ಅಕ್ಕ ಸೆರಗೆಳೆದು ತೋಳು ಮುಚ್ಚಿಕೊಳ್ಳುತ್ತಿದ್ದಳು.

ಹತ್ತು ತಿಂಗಳು ಕಳೆದರೂ ಮೇಡಂ ಲೆಕ್ಕ ಕೂಡಿಬರಲಿಲ್ಲ. ಒಂದೇ ಗುಂಪಿನ ಇಲಿಗಳಲ್ಲಿ ಒಂದರ ಕಿವಿ ರೊಟ್ಟಿಯಂತೆ ದಪ್ಪ, ಪಕ್ಕದ ಪಂಜರದ್ದು ಏನೂ ಆಗದಂತೆ ತೆಳ್ಳಗೆ. ಕಾವಲಿನ ಆ ಕಣ್ಣು ತೆಗೆದ ಇಲಿಗೂ ಉಳಿದ ಇಲಿಗೂ ವ್ಯತ್ಯಾಸವೇ ಹಿಡಿಯಲಾಗಲಿಲ್ಲ. ವಿಭಾಗದ ಮುಖ್ಯಸ್ಥರು ಬಂದು, "ತಿಂಗಳ ಕೊನೆಗೆ ಇದನ್ನ ಮುಚ್ಚಿಬಿಡೋಣ," ಎಂದು ಹೋದರು. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡದ್ದನ್ನು ಇಲಿಯಪ್ಪ ಬಾಗಿಲ ಗಾಜಿನಿಂದ ನೋಡಿದ.

ಆಗ ಅವನ ಎದೆಯಲ್ಲಿ ಏನೋ ಕುಟುಕಿತು. ಬೇಸಗೆಯಲ್ಲಿ ಕೆಳಗಿನ ಸಾಲಿನ ಇಲಿಗಳು ಕತ್ತು ಕೆರೆದುಕೊಂಡು ಹಕ್ಕಳೆಗಟ್ಟಿದ್ದವು. ಅವನ್ನು ನೋಡಿದರೆ ಅಕ್ಕನ ತೋಳೇ ಕಣ್ಣಮುಂದೆ ಬರುತ್ತಿತ್ತು. ತಡೆಯಲಾರದೆ, ದೂಳು ಹಾರುವ ಮರದ ಹೊಟ್ಟನ್ನು ತೆಗೆದು, ಹಬೆಯಲ್ಲಿ ಎರಡು ಸಲ ಬೇಯಿಸಿದ ಮೆತ್ತನೆ ಕಾಗದದ ಚೂರು ಹಾಸಿದ್ದ. ಆಮೇಲೂ ಹಾಗೆಯೇ ನಡೆಸಿಕೊಂಡು ಬಂದಿದ್ದ. ಪಂಜರದಲ್ಲಿ ಕಡ್ಡಿ ಅಲುಗಿದರೂ ರಿಜಿಸ್ಟರಿನಲ್ಲಿ ಬರೆಯಬೇಕೆಂಬುದು ನಿಯಮ. ಅವನು ಬರೆದಿರಲಿಲ್ಲ.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅಕ್ಕನೇ ಹಿಡಿದು ಕೇಳಿದಳು. ಅವನು ಎಲ್ಲ ಹೇಳಿಕೊಂಡ.

"ಹೋಗಿ ಹೇಳಿಬಿಡೋ," ಎಂದಳು ಅಕ್ಕ. "ಬೈದ್ರೆ ಬೈಸ್ಕೋ. ಬೈಗುಳಕ್ಕೇನು ಬೊಬ್ಬೆ ಏಳುತ್ತಾ?"

"ಕೆಲಸ ಹೋದ್ರೆ?"

"ಹೋದ್ರೆ ಹೋಗಲಿ. ಆ ಹೆಣ್ಣುಮಗಳು ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡು ಕೂತಿದಾಳೆ, ನೀನು ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತೀಯಲ್ಲೋ."

ಮೇಡಂ ಪೂರ್ತಿ ಕೇಳಿದರು. ಮುಖ ಕೆಂಪಾಯಿತು. "ಹತ್ತು ತಿಂಗಳು, ಇಲಿಯಪ್ಪ! ಎಷ್ಟು ಜೀವ ಹೋಗಿದೆ ಗೊತ್ತಾ ಇದಕ್ಕೆ?" ಎಂದು ಕೂಗಿಯೇಬಿಟ್ಟರು. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಮೇಡಂ ಕುರ್ಚಿ ಎಳೆದುಕೊಂಡು, ಬೇರೆಯೇ ದನಿಯಲ್ಲಿ ಕೇಳಿದರು: "ಯಾವ ಯಾವ ಪಂಜರಕ್ಕೆ ಕಾಗದ ಹಾಕಿದ್ದೆ? ನೆನಪಿದೆಯಾ?"

ನೆನಪಿಲ್ಲದೆ ಏನು? ಮಕ್ಕಳ ಹುಟ್ಟಿದ ದಿನ ಮರೆತಾನು, ಪಂಜರ ಮರೆಯುವವನಲ್ಲ. ಅವನು ಒಂದೊಂದೇ ಸಂಖ್ಯೆ ಹೇಳುತ್ತ ಹೋದ, ಮೇಡಂ ಹೊಟ್ಟಿನವು ಒಂದು ಕಡೆ, ಕಾಗದದವು ಇನ್ನೊಂದು ಕಡೆ ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಅವರ ಪೆನ್ನು ನಿಂತಿತು.

"ಇಲ್ಲಿ ನೋಡು," ಎಂದರು. ಕಾವಲಿನ ಕಣ್ಣು ಉಳಿದಿದ್ದ ಇಲಿಗಳಲ್ಲಿ ಹೊಟ್ಟಿನ ಮೇಲೆ ಮಲಗಿದವುಗಳ ಕಿವಿ ವಿಪರೀತ ಊದಿತ್ತು, ಕಾಗದದ ಮೇಲಿದ್ದವುಗಳದ್ದು ಕಡಿಮೆ. ಕಣ್ಣು ತೆಗೆದ ಇಲಿಗಳಿಗೆ ಹೊಟ್ಟಾದರೂ ಒಂದೇ, ಕಾಗದವಾದರೂ ಒಂದೇ, ಊತ ಸ್ವಲ್ಪವೇ. ಎಂದರೆ ದೂಳಿನಲ್ಲಿದ್ದ ಕ್ರಿಮಿಗಳ ಚೂರುಪಾರು ಹುಟ್ಟುಕಾವಲನ್ನು ಮೊದಲೇ ಕೆಣಕಿ ಇಡುತ್ತಿತ್ತು. ಮೇಲೆ ಅಲರ್ಜಿಯ ಕಿಡಿ ಬಿದ್ದದ್ದೇ ತಡ, ಧಗ್ಗೆಂದು ಹತ್ತಿಕೊಳ್ಳುತ್ತಿತ್ತು.

"ಇದನ್ನೇ ನಂಬೋ ಹಾಗಿಲ್ಲ," ಎಂದರು ಮೇಡಂ. ಆದರೆ ಆಗಲೇ ಹೊಸ ಹಾಳೆ ತೆಗೆದಿದ್ದರು. "ಮೊದಲಿಂದ ಮಾಡಬೇಕು. ಈ ಸಲ ಎಲ್ಲ ಬರೆದು."

ಮುಖ್ಯಸ್ಥರನ್ನು ಒಪ್ಪಿಸಿ ಆರು ತಿಂಗಳು ಕೇಳಿ ಪಡೆದರು. ಇಲಿಯಪ್ಪನಿಗೆ ಒಂದು ಎಚ್ಚರಿಕೆಯ ಪತ್ರವೂ ಬಂತು, ಅವನು ಅದನ್ನು ತಕರಾರಿಲ್ಲದೆ ತೆಗೆದುಕೊಂಡ. ಯಾವ ಪಂಜರಕ್ಕೆ ಯಾವ ಹಾಸು ಎಂದು ಚೀಟಿ ಎತ್ತಿ ನಿರ್ಧರಿಸಿದರು, ಕಿವಿ ಅಳೆಯುವವರಿಗೆ ಅದನ್ನು ತಿಳಿಸಲಿಲ್ಲ. ಆರನೆಯ ತಿಂಗಳು ಫಲಿತಾಂಶ ಬಂದಾಗ ಅದೇ ಚಿತ್ರ, ಇನ್ನೂ ಸ್ಪಷ್ಟವಾಗಿ.

ಆ ವಾರ ಮೇಡಂ ಅವನ ಮನೆಗೇ ಬಂದರು. "ನಿಮ್ಮ ತಮ್ಮ ಅವತ್ತು ಬಂದು ಹೇಳದೇ ಇದ್ದಿದ್ರೆ ನಾನು ಸೋತೆ ಅಂದುಕೊಂಡು ಎದ್ದು ಹೋಗ್ತಿದ್ದೆ," ಎಂದರು ಅಕ್ಕನಿಗೆ. "ಕಳಿಸಿದ್ದು ನೀವಂತೆ. ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

ಅಕ್ಕ ಸಂಕೋಚದಿಂದ ಕೇಳಿದಳು: "ಇದರಿಂದ ನನ್ನಂಥವರಿಗೆ ಏನಾದ್ರೂ ಆಗುತ್ತೇನಮ್ಮ?"

"ಸುಳ್ಳು ಹೇಳಲಾರೆ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೇನಾ ಅಂತ ಗೊತ್ತಾಗೋಕೆ ಇನ್ನೂ ವರ್ಷಗಳು ಬೇಕು. ಔಷಧಿ ಅಂತೂ ದೂರದ ಮಾತು. ಆದ್ರೆ ಇಂಥ ಮೈಯಲ್ಲಿ ಚರ್ಮ ಸುಮ್ಸುಮ್ನೆ ಕೆರಳಲ್ಲ, ಅದಕ್ಕೊಂದು ಕಾರಣ ಇದೆ. ಅಷ್ಟು ಕಣ್ಣಾರೆ ನೋಡಿದೀವಿ."

"ಹಾಗಾದ್ರೆ ನಂದು ನಾಟಕ ಅಲ್ಲ," ಎಂದಳು ಅಕ್ಕ. ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ. ಕಣ್ಣು ತುಂಬಿ ಬಂತು. "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ. ಆ ಇಲಿಗಳ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ?"

ಇಲಿಯಪ್ಪನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮೇಡಂ ಹೊರಟ ಮೇಲೆ ಅವಳು ಅತ್ತಿಗೆಯ ಪಕ್ಕ ಕೂತು, ಅವಳ ಕೈ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಇನ್ಮೇಲೆ ನಿಮ್ಮ ಹಾಸಿಗೆ ಬಟ್ಟೆ ನಾನೇ ಬಿಸಿನೀರಲ್ಲಿ ಒಗೀತೀನಿ ಅತ್ತಿಗೆ," ಎಂದಳು. "ನೀವು ಬೇಡ ಅನ್ನಬಾರದು."

ಅಕ್ಕ ಬೇಡ ಅನ್ನಲಿಲ್ಲ.