ಕುಂಚಗಿಯ ವಾಸನೆ

ಔರಾದ ಕಡೆಯ ಎಕಂಬಾದಲ್ಲಿ ಮಠದ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಆ ಶಾಲೆಗೆ ಸಖುಬಾಯಿ ಹೋದದ್ದು ಒಂದೇ ಮಳೆಗಾಲ. ಕುರಿಗಳು ಈಯುವ ಹಂಗಾಮು ಬಂತು. ಅಪ್ಪ ಧೊಂಡಿಬಾ ಅವಳ ಕೈಗೆ ಕೋಲು ಕೊಟ್ಟು ಹಿಂಡಿನ ಹಿಂದೆ ಕರೆದೊಯ್ದ. ಅರ್ಧಕ್ಕೆ ಬಿಟ್ಟ ಅಕ್ಷರಗಳು ಮತ್ತೆ ಸಿಗಲಿಲ್ಲ. ಲಗ್ನವಾಗಿ ಭಾಲ್ಕಿಗೆ ಬಂದ ಮೇಲೆ, ಅರಳೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಮನೆಗೆ ಆಡಿನ ಹಾಲು ತಂದುಕೊಡುವವಳಾದಳು.

ಒಂದು ಚಳಿಗಾಲ ಆ ಮನೆಯ ಹಿರಿಯ ಸೊಸೆ ಹೆರಿಗೆಯಲ್ಲೇ ತೀರಿಕೊಂಡಳು. ಉಳಿದ ಹೆಣ್ಣುಕೂಸು ಆಡಿನ ಹಾಲನ್ನು ಕಕ್ಕುತ್ತ ದಿನೇ ದಿನೇ ಬತ್ತುತ್ತಿತ್ತು. ಬೀದರಿನಿಂದ ಕರೆಸಿದ ಹಕೀಮರೂ ಎದೆಹಾಲೇ ಬೇಕೆಂದರು. ಹಾಲಿದ್ದದ್ದು ಕಿರಿಯ ಸೊಸೆ ಅನುಸೂಯಾಬಾಯಿಗೆ. ಅವಳ ಗಂಡುಕೂಸು ಹುಟ್ಟಿದ ವಾರದೊಳಗೇ ಜ್ವರಕ್ಕೆ ಹೋಗಿತ್ತು. ಅಂದಿನಿಂದ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತೆ ರುಕ್ಮಿಣಿಬಾಯಿ ಬೈದರು, ಬೇಡಿಕೊಂಡರು. ಅವಳು ಕೂಸನ್ನು ಮುಟ್ಟಲಿಲ್ಲ.

ಸಖುಬಾಯಿಗೆ ಹಿಂಡಿನ ಪದ್ಧತಿ ನೆನಪಾಯಿತು. ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಕೂಡಿಸಬೇಕಾದರೆ, ಸತ್ತ ಮರಿಯ ಚರ್ಮವನ್ನು ತಬ್ಬಲಿಯ ಮೈಗೆ ಹೊದಿಸುತ್ತಾರೆ. ತನ್ನ ಮರಿಯ ವಾಸನೆ ಹಿಡಿದು ಕುರಿ ಹಾಲುಣಿಸುತ್ತದೆ. ಸತ್ತ ಕೂಸಿನ ತಲೆ ಬೆನ್ನಿಗೆ ಹೊದಿಸುತ್ತಿದ್ದ ಕುಂಚಗಿಯನ್ನು ಅವಳು ರುಕ್ಮಿಣಿಬಾಯಿಯವರಿಂದ ತೆಗೆಸಿದಳು. ಅದನ್ನು ಹೆಣ್ಣುಕೂಸಿಗೆ ಹೊದಿಸಿ ಅನುಸೂಯಾಳ ಮಗ್ಗುಲಲ್ಲಿ ಮಲಗಿಸಿದಳು.

ಅನುಸೂಯಾ ತಿರುಗಿದಳು. ಮೂಸಿದಳು. ಮರುಕ್ಷಣ ಕುಂಚಗಿಯನ್ನು ಕಿತ್ತು ಎದೆಗೊತ್ತಿಕೊಂಡು, ಕೂಸನ್ನು ಆಚೆ ಸರಿಸಿದಳು.

"ನಾ ಏನ ಕುರಿ ಅದೀನೇನ, ಸಖು? ವಾಸನಿ ತೋರ್ಸಿ ಮೋಸ ಮಾಡ್ತಿ?"

ಸಖುಬಾಯಿಯ ಮುಖ ಸುಟ್ಟಂತಾಯಿತು. ಕೂಸನ್ನೆತ್ತಿಕೊಂಡು ಬಾಗಿಲ ತನಕ ಹೋದವಳು ಅಲ್ಲೇ ನಿಂತಳು. ಚರ್ಮ ಸುಲಿಯುವ ಮೊದಲು ಅಪ್ಪ ಇನ್ನೊಂದು ಮಾಡುತ್ತಿದ್ದ. ಸತ್ತ ಮರಿಯನ್ನು ತಾಯಿಯ ಮುಂದೆಯೇ ಬಿಡುತ್ತಿದ್ದ. ಕುರಿ ಅದನ್ನು ನೆಕ್ಕುತ್ತಿತ್ತು, ಕಾಲಿನಿಂದ ಕೆದರಿ ಎಬ್ಬಿಸಲು ನೋಡುತ್ತಿತ್ತು, ಕೂಗುತ್ತಿತ್ತು. ತಾನಾಗಿ ಸುಮ್ಮನಾಗುವವರೆಗೆ ಅಪ್ಪ ಕಾಯುತ್ತಿದ್ದ. ಚಿಕ್ಕವಳಿದ್ದಾಗ ಸಖುಬಾಯಿಯ ಕಣ್ಣಿಗೆ ಅದು ಬರೀ ಹೊತ್ತುಗಳೆಯುವುದಾಗಿ ಕಂಡಿತ್ತು. ಈ ಮನೆಯಲ್ಲಿ ಅನುಸೂಯಾಗೆ ನಿದ್ದೆ ಹತ್ತಿದಾಗಲೇ ಸತ್ತ ಕೂಸನ್ನು ಮಣ್ಣಿಗೆ ಒಯ್ದಿದ್ದರು. ಆಮೇಲೆ ಅದರ ಮಾತನ್ನೇ ಯಾರೂ ಎತ್ತಿರಲಿಲ್ಲ.

ಸೋತ ಮೇಲೆ ಹೊಸ್ತಿಲು ದಾಟಿ ಹೋಗುವುದು ಸುಲಭ. ಸಖುಬಾಯಿ ಮರಳಿ ಬಂದು ನೆಲಕ್ಕೆ ಕೂತಳು, ತಪ್ಪಾಯಿತೆಂದಳು.

"ಅಕ್ಕೋರ, ನಿಮ್ಮ ಕೂಸು ಹ್ಯಾಂಗಿತ್ತರಿ?"

ಅನುಸೂಯಾ ಕುಂಚಗಿಯ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಹೇಳತೊಡಗಿದಳು. ಕಿವಿ ಅದರ ಅಪ್ಪನ ಹಾಗೆ, ಹಣೆಯ ಮೇಲೆ ಕೂದಲ ಸುಳಿ, ಹಾಲು ಕುಡಿಯುವಾಗ ಸೆರಗನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದದ್ದು. ಹೇಳುತ್ತ ಅತ್ತಳು, ಅಳುತ್ತ ಹೇಳಿದಳು. ಸಾಕು ಎನ್ನಲು ಬಂದ ರುಕ್ಮಿಣಿಬಾಯಿಯವರನ್ನು ಸಖುಬಾಯಿ ಕೈಸನ್ನೆಯಿಂದ ತಡೆದಳು. ಹಾಲಿನವಳು ತಡೆದಳೆಂದು ಅವರು ಸಿಟ್ಟಾಗಲಿಲ್ಲ. ಹೊಸ್ತಿಲ ಬಳಿಯೇ ಕೂತು ತಾವೂ ಕಣ್ಣೊರೆಸಿಕೊಂಡರು.

ಬಿಸಿಲು ಅಂಗಳ ದಾಟುವಷ್ಟರಲ್ಲಿ ಅನುಸೂಯಾಳ ಕುಬಸ ಹಾಲಿನಿಂದ ತೊಯ್ದಿತ್ತು. ಕುಂಚಗಿಯನ್ನು ತಾನೇ ಮಡಚಿ ತಲೆದಿಂಬಿನ ಕೆಳಗಿಟ್ಟಳು. ಸಖುಬಾಯಿಯ ಮಡಿಲಲ್ಲಿ ಕೂಸು ಸಣ್ಣಗೆ ಅತ್ತಿತು.

"ಕೊಡು ಇಲ್ಲಿ," ಅಂದಳು ಅನುಸೂಯಾ. "ಏನೂ ಹೊದಿಸಬ್ಯಾಡ."