ಸೆಕೆಂಡಿಗೊಂದು ‘ಇದ್ದೀಯಾ?’

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಕೋಪವಲ್ಲ, ಅನುಭವ. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲ್ ಕಾರಿನ ಪಕ್ಕದ ಸೀಟಿನಲ್ಲಿ ಕೂತು, ಬ್ರೇಕ್ ಎಂದರೆ ಆಕ್ಸಿಲರೇಟರ್ ತುಳಿಯುವವರ ನಡುವೆ ಜೀವ ಉಳಿಸಿಕೊಂಡು ಬಂದವನು ನಾನು. ಇಂಥವನು ಮನೆಯಲ್ಲಿ ಸ್ವಲ್ಪ ಏರುದನಿಯಲ್ಲಿ ಮಾತಾಡಿದರೆ ಅದನ್ನು ಕೋಪ ಎನ್ನಬಾರದು. ಆದರೆ ಕಳೆದ ಎರಡು ತಿಂಗಳಿಂದ ನನಗೆ ಬರುತ್ತಿದ್ದುದು ಅಪ್ಪಟ ಕೋಪವೇ. ಅದು ಬರುತ್ತಿದ್ದುದು ಶೂ ರ‍್ಯಾಕಿನ ಮೇಲೆ ಕೂತ ಒಂದು ಕಪ್ಪು ಪೆಟ್ಟಿಗೆಯ ಮೇಲೆ.

ಅದರ ಹೆಸರು ಫೈರ್‌ವಾಲ್ ರೂಟರ್. ಹೊರಗಿನ ಕಳ್ಳಕಾಕರು ಇಂಟರ್ನೆಟ್ ಮೂಲಕ ಮನೆಯೊಳಗೆ ನುಗ್ಗದಂತೆ ಕಾಯುವುದು ಅದರ ಕೆಲಸ. ಹಿಂದೊಮ್ಮೆ ನಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕು, ನನ್ನ ಬಳಿ ಡ್ರೈವಿಂಗ್ ಕಲಿತವರಿಗೆಲ್ಲ ನನ್ನ ಹೆಸರಿನಲ್ಲೇ ‘ಹದಿನೈದು ದಿನದಲ್ಲಿ ಹೊಟ್ಟೆ ಕರಗಿಸಿ’ ಎಂಬ ಜಾಹೀರಾತು ಹೋಗಿತ್ತು. ನನ್ನ ಹೊಟ್ಟೆ ನೋಡಿದ್ದವರು ಯಾರೂ ಆ ಮಾತ್ರೆ ಕೊಳ್ಳಲಿಲ್ಲ, ಆದರೆ ಮಾನ ಹೋಯಿತಲ್ಲ. ಆಮೇಲೆ ಹೆಂಡತಿಯ ತಮ್ಮ ಬಂದು ಈ ಪೆಟ್ಟಿಗೆ ಕೂರಿಸಿದ. ಅವನು ಅಂಗಡಿ, ಗೋದಾಮುಗಳಿಗೆ ಕ್ಯಾಮೆರಾ ಹಾಕುವವನು, ಇಂಥವೆಲ್ಲ ಗೊತ್ತು. ಪೆಟ್ಟಿಗೆಯ ಒಳಗೆ ಇಣುಕಲು ನನಗೊಂದು ಪಾಸ್‌ವರ್ಡ್ ಕೊಟ್ಟ. ಅದರಿಂದ ನೋಡಬಹುದು, ಏನನ್ನೂ ಬದಲಿಸುವ ಹಾಗಿಲ್ಲ.

“ಬದಲಾಯಿಸೋ ಪಾಸ್‌ವರ್ಡ್ ನನ್ನ ಹತ್ರಾನೇ ಇರಲಿ ಭಾವ. ಕೋಪ ಬಂದ್ರೆ ನೀವು ಇರೋ ಬರೋ ಬಟನ್ನೆಲ್ಲಾ ಒತ್ತಿಬಿಡ್ತೀರಾ,” ಎಂದಿದ್ದ.

ಅದಾಗಿ ಮೂರೇ ದಿನಕ್ಕೆ ಅವನಿಗೂ ನನಗೂ ಮಾತು ನಿಂತಿತು. ಅವನು ನನ್ನ ಬಳಿ ಡ್ರೈವಿಂಗ್ ಕಲಿಯುತ್ತಿದ್ದ. ಊರಿನ ದೊಡ್ಡ ವೃತ್ತದ ನಡುವೆ ಕಾರನ್ನು ಐದು ಸಲ ಆಫ್ ಮಾಡಿದ. ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಕಲಿಯುವವರಿದ್ದರು, ಸುತ್ತ ನಾಲ್ಕು ಕಡೆಯಿಂದ ಹಾರ್ನ್. “ನಿನಗೆ ಕಾರಲ್ಲ, ಕೈಗಾಡಿ ತಳ್ಳೋಕೂ ಬರಲ್ಲ ಕಣೋ!” ಎಂದುಬಿಟ್ಟೆ. ಅವನು ಬಾಗಿಲು ತೆಗೆದು ಇಳಿದ, ತಿರುಗಿಯೂ ನೋಡದೆ ನಡೆದೇ ಹೋದ. ಎಂಟು ತಿಂಗಳಾಯಿತು. ಅಕ್ಕ ತಮ್ಮ ದಿನವೂ ಫೋನಿನಲ್ಲಿ ಮಾತಾಡುತ್ತಾರೆ, ಆದರೆ ನನ್ನ ಮುಂದೆ ಅವಳು ಅವನ ಸುದ್ದಿ ಎತ್ತುವುದಿಲ್ಲ. ಮೊದಲು ಅವನೇ ಮಾತಾಡಿಸಲಿ ಎಂದು ನಾನೂ ಕೂತೆ. ತಪ್ಪು ನನ್ನದು ಎಂದು ನನಗೆ ಆವತ್ತೇ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಬಿಗಿಯಾಗಿ ಕೂತೆ.

ಎರಡು ತಿಂಗಳ ಹಿಂದೆ ನೆಟ್ ಹೋಗಲು ಶುರುವಾಯಿತು. ಪೂರ್ತಿ ಹೋದರೆ ಒಂದು ಸಮಾಧಾನ. ಇದು ಹಾಗಲ್ಲ, ಹೋಗುತ್ತಿತ್ತು, ಎರಡು ನಿಮಿಷಕ್ಕೆ ಬರುತ್ತಿತ್ತು, ಒಂದು ಗಂಟೆ ಸುಮ್ಮನಿದ್ದು ಮತ್ತೆ ಹೋಗುತ್ತಿತ್ತು. ಕಂಪನಿಗೆ ಫೋನ್ ಮಾಡಿದರೆ, ದೂರು ಹೇಳಿ ಮುಗಿಸುವಷ್ಟರಲ್ಲಿ ಬಂದು ನನ್ನನ್ನು ಸುಳ್ಳುಗಾರನನ್ನಾಗಿ ಮಾಡುತ್ತಿತ್ತು.

ನಾನು ಕೈಕಟ್ಟಿ ಕೂರಲಿಲ್ಲ. ಕೇಬಲ್ ಬದಲಿಸಿದೆ. ಪೆಟ್ಟಿಗೆ ಬಿಸಿಯಾಗುತ್ತಿರಬಹುದೆಂದು ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟೆ. ಅದಕ್ಕೆ ಗಾಳಿ, ನಮಗೆ ಸೆಕೆ. ಮೈಕ್ರೋವೇವ್ ಮೇಲೆ ಅನುಮಾನ ಬಂದು ಒಂದು ವಾರ ತಣ್ಣನೆಯ ಊಟ ಮಾಡಿದೆವು. ಪಕ್ಕದ ಮನೆಯವರು ನಮ್ಮ ವೈಫೈ ಕದಿಯುತ್ತಿದ್ದಾರೆಂದು ತೀರ್ಮಾನಿಸಿ ಅವರತ್ತ ಕೆಂಗಣ್ಣು ಬಿಟ್ಟೆ. ಅವರ ಮನೆಯಲ್ಲಿ ಕಂಪ್ಯೂಟರೇ ಇಲ್ಲವೆಂದು ಆಮೇಲೆ ತಿಳಿಯಿತು. ಯಾವಾಗ ಹೋಯಿತು, ಯಾವಾಗ ಬಂತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ. ಅದರಲ್ಲಿ ಹಾಲಿನವನ ಲೆಕ್ಕಕ್ಕೂ ಜಾಗ ಉಳಿಯಲಿಲ್ಲ.

“ತಮ್ಮನ್ನ ಒಂದ್ಸಲ ಕೇಳ್ಲಾ?” ಎಂದು ಹೆಂಡತಿ ಮೂರು ನಾಲ್ಕು ಬಾರಿ ಕೇಳಿದಳು.

“ಯಾಕೆ? ನನ್ನ ಕೈಯಲ್ಲಿ ಆಗಲ್ವಾ?”

ಇದು ನನ್ನ ಹಟದ ಮಾತಾಯಿತು. ಪಾಡು ಪಟ್ಟವಳು ಅವಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ರಕ್ತ ಪರೀಕ್ಷೆ ಮಾಡುವವಳು. ಲ್ಯಾಬಿನ ಮುಖ್ಯಸ್ಥೆಯಾಗಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು. ಅವಳೇ ಸೂಜಿ ಹಿಡಿಯಲು ಕಲಿಸಿದ ಇಬ್ಬರು ಆಗಲೇ ಅದನ್ನು ಮುಗಿಸಿ ಅವಳಿಗೇ ಮೇಲಿನವರಾಗಿ ಕೂತಿದ್ದಾರೆ. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಎರಡು ಗಂಟೆ ಬರೆಯಬೇಕು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಕೋಣೆಯ ಫೋಟೊ ಮೊದಲೇ ಕಳಿಸಿರಬೇಕು, ಆಮೇಲೆ ಜಾಗ ಬದಲಿಸುವಂತಿಲ್ಲ. ಅರ್ಧ ನಿಮಿಷಕ್ಕಿಂತ ಹೆಚ್ಚು ನೆಟ್ ಹೋದರೆ ಪರೀಕ್ಷೆ ರದ್ದು. ಒಟ್ಟು ಮೂರು ಅವಕಾಶ, ಮೂರೂ ಹೋದರೆ ಐದು ವರ್ಷ ಕಾಯಬೇಕು.

ಮೊದಲ ಸಲ ಈ ಪೆಟ್ಟಿಗೆ ಮೂವತ್ತೊಂದನೆಯ ಪ್ರಶ್ನೆಗೆ ಕೈಕೊಟ್ಟಿತು. ಎರಡನೆಯ ಸಲ ನಾನೇ ಸಲಹೆ ಕೊಟ್ಟು ಮೊಬೈಲಿನ ನೆಟ್ ಹಾಕಿಸಿದೆ. ನೆಲಮಹಡಿಯ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕಿಟಕಿಯಾಚೆ ಕೈಚಾಚಿದರೆ ಮಾತ್ರ. ಅದು ಒಂಬತ್ತನೆಯ ಪ್ರಶ್ನೆಗೇ ಹೋಯಿತು. ಆವತ್ತು ಅವಳು ಅಳಲಿಲ್ಲ, ನನ್ನ ಮೇಲೆ ರೇಗಲೂ ಇಲ್ಲ. ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮೂರನೆಯ, ಕೊನೆಯ ಪರೀಕ್ಷೆ ಗುರುವಾರ ಮಧ್ಯಾಹ್ನ ಮೂರಕ್ಕೆ. ಕಂಪನಿಯ ಕಚೇರಿಗೇ ಹೋಗಿ ಮೇಜು ಗುದ್ದಿ ಬಂದಿದ್ದರಿಂದ ಅದೇ ದಿನ ಒಂದೂವರೆಗೆ ಒಬ್ಬ ಲೈನ್‌ಮನ್ ಬಂದ. ಹಿಂದೆ ಬಂದ ಇಬ್ಬರೂ ‘ಲೈನ್ ಸರಿಯಾಗಿದೆ’ ಎಂದು ಶೂ ಬಿಚ್ಚದೆ ಹಿಂತಿರುಗಿದ್ದರು. ಇವನು ನನ್ನ ವಯಸ್ಸಿನವನು, ನರೆತ ಮೀಸೆ, ಹಣೆಯ ಮೇಲೆ ಕನ್ನಡಕ. ನನ್ನ ಕ್ಯಾಲೆಂಡರನ್ನು ಪೂರ್ತಿ ಓದಿದ ಮೊದಲ ಮನುಷ್ಯ. ಅಷ್ಟಕ್ಕೇ ಅವನ ಮೇಲೆ ಪ್ರೀತಿ ಹುಟ್ಟಿತು.

“ಪೆಟ್ಟಿಗೆ ಒಳಗೆ ನೋಡಬಹುದಾ ಸರ್?” ಎಂದ. ನೋಡುವ ಪಾಸ್‌ವರ್ಡ್ ಕೊಟ್ಟೆ. ಕನ್ನಡಕ ಇಳಿಸಿ, ಪರದೆಯ ಮೇಲೆ ಸಾಲುಗಳನ್ನು ಬೆರಳಿನಿಂದ ಹಿಂಬಾಲಿಸುತ್ತಾ ಹೋದ.

“ಲೈನ್ ಹೋಗ್ತಿಲ್ಲ ಸರ್. ನಿಮ್ಮ ಪೆಟ್ಟಿಗೇನೇ ಲೈನ್ ಕಿತ್ತು ಹಾಕ್ತಿದೆ.”

“ಅದಕ್ಕೇನು ಹುಚ್ಚಾ?”

“ಹುಚ್ಚಲ್ಲ, ನಿಯತ್ತು. ಲೈನ್ ಬದುಕಿದೆಯಾ ಅಂತ ತಿಳ್ಕೊಳ್ಳೋಕೆ ಇದು ಸೆಕೆಂಡಿಗೊಂದು ಸಲ ಹೊರಗಿನ ಒಂದು ಇಂಟರ್ನೆಟ್ ವಿಳಾಸಕ್ಕೆ ‘ಇದ್ದೀಯಾ?’ ಅಂತ ಕೇಳುತ್ತೆ. ಆ ಕಡೆಯಿಂದ ‘ಇದ್ದೀನಿ’ ಅಂತ ಬಂದ್ರೆ ಸರಿ. ಹತ್ತು ಸಲ ಉತ್ತರ ಬರಲಿಲ್ಲ ಅಂದ್ರೆ ಲೈನೇ ಸತ್ತಿದೆ ಅಂದ್ಕೊಂಡು ಕನೆಕ್ಷನ್ ಕಿತ್ತು ಮತ್ತೆ ಹಾಕುತ್ತೆ. ಸಾಮಾನ್ಯವಾಗಿ ಯಾವತ್ತೂ ಆಫ್ ಆಗದ ದೊಡ್ಡ ವಿಳಾಸ ಕೊಟ್ಟಿರ್ತಾರೆ. ಇದು ಯಾರದೋ ಮನೆ ವಿಳಾಸ ಇದ್ದಂಗಿದೆ. ಅವರ ರೂಟರ್ ಆಫ್ ಆದಾಗಲೆಲ್ಲ ನಿಮ್ಮ ನೆಟ್ ಹೋಗುತ್ತೆ. ಯಾರದ್ದಿದು?”

ಅವನು ಆ ವಿಳಾಸದ ಅಂಕಿಗಳನ್ನು ಗಟ್ಟಿಯಾಗಿ ಓದಿದ. ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ ಹೆಂಡತಿ ತನ್ನ ಫೋನ್ ತೆಗೆದು ನೋಡಿದಳು. ತಮ್ಮ ಮನೆಯಲ್ಲಿದ್ದಾನೋ ಇಲ್ಲವೋ ಎಂದು ಅವನ ಗೇಟಿನ ಕ್ಯಾಮೆರಾದಲ್ಲಿ ಇಣುಕುವುದು ಅವಳ ಅಭ್ಯಾಸ. ಆ ಕ್ಯಾಮೆರಾ ತೆರೆಯಲು ಒತ್ತುವ ಅಂಕಿಗಳೂ ಇವೇ.

“ನಮ್ಮ ತಮ್ಮಂದು,” ಎಂದಳು.

ಲೈನ್‌ಮನ್ ನಿರಾಳವಾಗಿ ನಕ್ಕ. “ಮನೆಯವರೇ ಆದ್ರೆ ಸುಲಭ ಆಯ್ತಲ್ಲ! ಬದಲಾಯಿಸೋ ಪಾಸ್‌ವರ್ಡ್ ಕೇಳಿ, ಒಂದು ನಿಮಿಷದ ಕೆಲಸ.”

“ಈ ಪೆಟ್ಟಿಗೆ ಬಿಟ್ಟು ನೇರವಾಗಿ ಲೈನ್ ಕೊಡೋಕಾಗಲ್ವಾ?” ಎಂದೆ.

“ಕನೆಕ್ಷನ್ ಪಾಸ್‌ವರ್ಡೂ ಇದರೊಳಗೇ ಇದೆ. ಹೊಸದು ಬೇಕು ಅಂದ್ರೆ ಆಫೀಸಿಂದ ಎರಡು ದಿನ.”

ಹೆಂಡತಿ ನನ್ನನ್ನೇ ನೋಡಿದಳು. ನಾನು ಫ್ಯಾನನ್ನು ನೋಡಿದೆ.

“ನೀನೇ ಒಂದು ಮಾತು ಕೇಳಿಬಿಡು,” ಎಂದೆ.

“ಇಲ್ಲ ರೀ. ಎಂಟು ತಿಂಗಳು ನಿಮ್ಮಿಬ್ಬರ ಮಧ್ಯೆ ನಾನು ಬಾಯಿ ಮುಚ್ಕೊಂಡಿದ್ದು ಸಾಕು. ನಂಗೆ ಓದೋದಿದೆ. ನೀವೇ ಮಾಡಿ.” ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಫೋನ್ ಹಿಡಿದುಕೊಂಡು ಸಿಗ್ನಲ್‌ಗಾಗಿ ಹೊರಗೆ ಬಂದು ಕಾರಿನ ಪಕ್ಕ ನಿಂತೆ. ಎಂಥೆಂಥವರನ್ನೋ ಹೈವೇ ಮೇಲೆ ಓಡಿಸಿದ ನನಗೆ ಆ ಒಂದು ಹೆಸರು ಒತ್ತಲು ಬೆರಳು ಬರಲಿಲ್ಲ. ಗಂಟೆ ಎರಡು ಹೊಡೆಯಿತು. ಒತ್ತಿದೆ.

“ಹೇಳಿ,” ಎಂದ. ‘ಭಾವ’ ಎನ್ನಲಿಲ್ಲ.

ಲೈನ್‌ಮನ್ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

“ಅಯ್ಯೋ,” ಎಂದ. “ಆವತ್ತು ಪೆಟ್ಟಿಗೆ ಟೆಸ್ಟ್ ಮಾಡೋಕೆ ಬಾಯಿಪಾಠ ಇರೋ ವಿಳಾಸ ಅಂತ ನಮ್ಮನೇದು ಹಾಕಿದ್ದೆ. ಮುಂದಿನ ಭಾನುವಾರ ಬಂದು ಬದಲಾಯಿಸೋಣ ಅಂದ್ಕೊಂಡೆ. ಅಷ್ಟರಲ್ಲಿ...”

ಅಷ್ಟರಲ್ಲಿ ವೃತ್ತ ಬಂದಿತ್ತು. ಇಬ್ಬರೂ ಅದರ ಹೆಸರೆತ್ತಲಿಲ್ಲ.

“ಪಾಸ್‌ವರ್ಡ್ ಹೇಳು, ಬರ್ಕೋತೀನಿ.”

“ನನ್ನ ನೋಟ್‌ಬುಕ್ಕಲ್ಲಿದೆ. ನೋಟ್‌ಬುಕ್ ಪಾರ್ಟ್‌ನರ್ ಹತ್ರ ಇದೆ. ಅವನು ಪಕ್ಕದೂರಲ್ಲಿ ಕಂಬ ಹತ್ತಿದ್ದಾನೆ, ಸಂಜೆವರೆಗೂ ಫೋನ್ ಎತ್ತಲ್ಲ.”

“ಹಾಗಾದ್ರೆ ನಿನ್ನ ರೂಟರ್ ಎರಡು ಗಂಟೆ ಆಫ್ ಮಾಡದೆ ಇರಪ್ಪಾ! ಅಷ್ಟು ಸಾಕು!”

“ನಾನೆಲ್ಲಿ ಆಫ್ ಮಾಡ್ತೀನಿ? ಡ್ರಿಲ್ ಚಾರ್ಜ್ ಮಾಡೋಕೆ ದಿನಾ ಅದರ ಪಕ್ಕದಲ್ಲೇ ಪ್ಲಗ್ ಹಾಕಿ ಕಿತ್ತು ಹಾಕಿ ಕಿತ್ತು ಇಡೀ ಸಾಕೆಟ್ ಬೋರ್ಡೇ ಸಡಿಲ ಆಗಿದೆ. ಎರಡು ತಿಂಗಳಿಂದ ರೂಟರ್ ಪ್ಲಗ್ ತಾನಾಗೇ ಬಿದ್ದು ಬಿದ್ದು ಹೋಗ್ತಿದೆ. ಅಕ್ಕನ ಎರಡು ಪರೀಕ್ಷೆ ಹೋಗಿದ್ದು ಇದಕ್ಕೇನಾ?”

“ಒಂದು ಇದಕ್ಕೆ. ಇನ್ನೊಂದು ನನ್ನ ಬುದ್ಧಿವಂತಿಕೆಗೆ.”

“ನಾನು ಪ್ಲಗ್ ಹಿಡ್ಕೊಂಡು ಕೂರ್ತೀನಿ,” ಎಂದ. “ಎರಡು ಗಂಟೆ ತಾನೆ.”

ಫೋನ್ ಇಟ್ಟ ಮೇಲೆ ನನಗೆ ನಿಲ್ಲಲಾಗಲಿಲ್ಲ. ಕೈ ಜೋಮು ಹಿಡಿದರೆ? ಸೀನು ಬಂದರೆ? ಲೈನ್‌ಮನ್‌ಗೆ ಕೈಮುಗಿದು ಕಳಿಸಿ, ಹೆಂಡತಿಗೆ ಬಾಗಿಲಾಚೆಯಿಂದಲೇ “ಧೈರ್ಯವಾಗಿ ಬರಿ” ಎಂದು ಹೇಳಿ, ಡ್ರೈವಿಂಗ್ ಸ್ಕೂಲ್ ಕಾರು ತೆಗೆದೆ.

ಊರಿಡೀ ಕ್ಯಾಮೆರಾ ಹಾಕಿದವನ ಮನೆಯ ಸಾಕೆಟ್ ನೋಡಬೇಕಿತ್ತು. ಮೇಜಿನ ಕೆಳಗೆ, ವೈರಿನ ಸುರುಳಿಗಳ ನಡುವೆ, ಅವನು ಮಂಡಿಯೂರಿ ಕೂತು ಎರಡು ಬೆರಳಿನಿಂದ ಪ್ಲಗ್ ಒತ್ತಿಕೊಂಡಿದ್ದ. ಬೇರೆ ಸಾಕೆಟ್‌ಗೆ ರೂಟರಿನ ವೈರ್ ಎಟುಕುತ್ತಿರಲಿಲ್ಲ, ಇದ್ದಬದ್ದ ಎಕ್ಸ್‌ಟೆನ್ಷನ್ ಬೋರ್ಡೆಲ್ಲ ಕಂಬ ಹತ್ತಿದವನ ಜೊತೆ ಹೋಗಿದ್ದವು.

“ಜಾಸ್ತಿ ಒತ್ತಬಾರದು, ಕಮ್ಮಿ ಒತ್ತಬಾರದು,” ಎಂದ. “ಒಂದು ಜಾಗ ಇದೆ. ಅಲ್ಲಿಗೆ ತಂದು ನಿಲ್ಲಿಸ್ಬೇಕು.”

“ಕ್ಲಚ್ ಥರ,” ಎಂದೆ. ಬಾಯಿ ತಪ್ಪಿ ಬಂತು. ಅವನು ನನ್ನ ಮುಖ ನೋಡಿದ, ನಗಲಿಲ್ಲ.

ಮೂರು ಗಂಟೆಗೆ ಪರೀಕ್ಷೆ ಶುರುವಾಯಿತು. ಹದಿನೈದು ನಿಮಿಷಕ್ಕೊಬ್ಬರಂತೆ ಸರದಿ ಹಾಕಿಕೊಂಡೆವು. ಕೈ ಬದಲಿಸುವಾಗ ಇಬ್ಬರ ಬೆರಳೂ ಒಂದರ ಮೇಲೊಂದು ಕೂರಬೇಕು, ನಂತರ ಮೆಲ್ಲಗೆ ಒಬ್ಬ ಬಿಡಬೇಕು. ರೂಟರಿನ ಹಸಿರು ದೀಪವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆವು. ಮೂರೂಮುಕ್ಕಾಲಿಗೆ ಅದು ಒಮ್ಮೆ ಮಿಣುಕಿದಾಗ ಜೀವ ಬಾಯಿಗೆ ಬಂತು, ಆದರೆ ಆರಲಿಲ್ಲ.

“ಸೆಕೆಂಡಿಗೊಂದು ಸಲ,” ಎಂದ ಅವನು, ಬೆರಳಿನ ಮೇಲೇ ಕಣ್ಣಿಟ್ಟು. “ಎಂಟು ತಿಂಗಳಿಗೆ ಎರಡು ಕೋಟಿ ಸಲ ಆಗುತ್ತೆ. ನಿಮ್ಮ ಪೆಟ್ಟಿಗೆ ಕೇಳ್ತಾನೇ ಇತ್ತು. ನಂದು ಹೇಳ್ತಾನೇ ಇತ್ತು.”

ನಾನು ಏನಾದರೂ ತಮಾಷೆ ಮಾಡಬೇಕೆಂದುಕೊಂಡೆ, ಮಾಡಲಿಲ್ಲ. “ನನ್ನದು ತಪ್ಪಾಯ್ತು ಕಣೋ,” ಎಂದೆ. “ಆವತ್ತು ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು.”

“ಕೈಗಾಡಿ ತಳ್ಳೋಕೆ ನಂಗೆ ಚೆನ್ನಾಗೇ ಬರುತ್ತೆ ಭಾವ,” ಎಂದ. ಇಬ್ಬರಿಗೂ ನಗು ಬಂತು, ಪ್ಲಗ್ ಅಲ್ಲಾಡೀತೆಂದು ಹಲ್ಲು ಕಚ್ಚಿ ತಡೆದುಕೊಂಡೆವು.

ಐದು ಗಂಟೆ ಮೂರು ನಿಮಿಷಕ್ಕೆ ನನ್ನ ಫೋನ್ ರಿಂಗಾಯಿತು.

“ರೀ, ಎಲ್ಲಾ ಪ್ರಶ್ನೆ ಬರೆದೆ. ಒಂದ್ಸಲಾನೂ ಹೋಗ್ಲಿಲ್ಲ!” ಎಂದವಳೇ ಅಳತೊಡಗಿದಳು. ಹಿಂದಿನೆರಡು ಸಲ ಅಳದೆ ಇಟ್ಟದ್ದೆಲ್ಲ ಒಟ್ಟಿಗೆ ಬಂತು. ನಾನು ಫೋನನ್ನು ಅವಳ ತಮ್ಮನ ಕಿವಿಗೆ ಹಿಡಿದೆ. ಅವನು ಇನ್ನೂ ಪ್ಲಗ್ ಬಿಟ್ಟಿರಲಿಲ್ಲ.

“ಸಂಜೆ ನೋಟ್‌ಬುಕ್ ಬಂದ ತಕ್ಷಣ ವಿಳಾಸ ಬದಲಾಯಿಸ್ತೀನಿ,” ಎಂದ ಫೋನ್ ಇಟ್ಟ ಮೇಲೆ. “ಆಮೇಲೆ ನಿಮ್ಮ ಪೆಟ್ಟಿಗೆ ನನ್ನನ್ನ ಏನೂ ಕೇಳಲ್ಲ.”

ಅದೇ ಸರಿ, ಹಾಗೇ ಆಗಬೇಕು. ಆದರೂ ನನಗೆ ಬೇಜಾರಾಯಿತು. ಜೇಬಿನಿಂದ ಕಾರಿನ ಕೀ ತೆಗೆದು ಅವನತ್ತ ಎಸೆದೆ.

“ಅಕ್ಕ ಕಾಯ್ತಿದ್ದಾಳೆ. ನಡಿ, ನೀನೇ ಓಡಿಸು.”

ಅವನ ಮನೆಯಿಂದ ನಮ್ಮ ಮನೆಗೆ ಹೋಗಲು ಇರುವುದು ಒಂದೇ ದಾರಿ. ವೃತ್ತದ ಸರಿಯಾಗಿ ನಡುವೆ ಕಾರು ಗಕ್ಕನೆ ನಿಂತು ಆಫ್ ಆಯಿತು. ನಾಲ್ಕು ಕಡೆಯಿಂದ ಹಾರ್ನ್. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬಾಯಿ ಬಿಗಿದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತೆ. ಎಷ್ಟೋ ಹೊತ್ತು ನನ್ನ ಸದ್ದೇ ಇಲ್ಲದ್ದು ಕಂಡು ಅವನಿಗೇ ಗಾಬರಿಯಾಯಿತು.

“ಭಾವ, ಇದ್ದೀರಾ?”

“ಇದ್ದೀನಿ,” ಎಂದೆ. “ಕ್ಲಚ್ ಒತ್ತು.”